ಬೆನ್ನು ತಟ್ಟುವ ಮಾವ

ನನ್ನ ಹೆಂಡತಿಯ ಸೋದರಮಾವ ಹಾರುವ ವಿಮಾನದಿಂದಲೇ ಹೊರಗೆ ಜಿಗಿದವರು. ಆದರೆ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಿಂದ ಒಬ್ಬರನ್ನೂ ಸುಮ್ಮನೆ ಹೊರಗೆ ಬಿಟ್ಟವರಲ್ಲ!

ಮಡಿಕೇರಿ ಕಡೆಯವರು, ದೇಶದ ರಾಜಧಾನಿಗೆ ಬಂದು ನಮ್ಮ ಜೊತೆ ನೆಲೆಸಿದವರು. ಎಪ್ಪತ್ತೊಂದರ ಯುದ್ಧದಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಇಳಿದವರು. ಜಿಗಿಯುವ ಮುನ್ನ ಪ್ರತಿಯೊಬ್ಬನೂ ತನ್ನ ಮುಂದೆ ನಿಂತವನ ಬೆನ್ನಿನ ಪಟ್ಟಿಗಳನ್ನು ಎಳೆದು ನೋಡಿ, ಹೆಗಲಿಗೊಂದು ಏಟು ಕೊಟ್ಟು ‘ಓಕೆ!’ ಎನ್ನಬೇಕಂತೆ. ಮಾವ ಸೈನ್ಯ ಬಿಟ್ಟರು, ಇದನ್ನು ಬಿಡಲಿಲ್ಲ. ಮಗಳ ಸ್ಕೂಲ್ ಬ್ಯಾಗು, ನನ್ನ ಹೆಲ್ಮೆಟ್ಟು, ಎಲ್ಲವೂ ತಪಾಸಣೆಯಾಗಿಯೇ ಬಾಗಿಲು ದಾಟಬೇಕು. ಆ ಏಟಿಗೆ ನನ್ನಂಥ ಸಣಕಲನ ಕನ್ನಡಕ ಮೂಗಿನ ತುದಿಗೆ! ಗ್ಯಾಸ್ ಸಿಲಿಂಡರ್ ತಂದ ಭಯ್ಯಾನನ್ನೂ ಬಿಡಲಿಲ್ಲ. “ಅಂಕಲ್‌ಜೀ, ಮೈ ಸೀಢೀ ಸೇ ಜಾವೂಂಗಾ!” ಮೆಟ್ಟಿಲಲ್ಲೇ ಇಳಿಯುತ್ತೇನೆ ಎಂದು ಅವನು ಗೋಗರೆದ.

ಇವರಿಗೆ ವೀರ ಚಕ್ರ ಬಂದಿದೆ. ಎಲ್ಲಿದೆ ಅಂತೀರಿ? ಬಿಸ್ಕತ್ತಿನ ಡಬ್ಬಿಯಲ್ಲಿ, ಅಂಗಿಯ ಗುಂಡಿಗಳ ಜೊತೆ!

“ತಾತಾ, ಬತಾವೋ ನಾ, ಮೆಡಲ್ ಯಾಕೆ ಸಿಕ್ತು?” ಎಂದು ಮಗಳು ಪೀಡಿಸಿದರೆ ಒಂದೇ ಉತ್ತರ: “ಬಿದ್ದೆ, ಎದ್ದೆ, ಕೊಟ್ರು.”

ಒಮ್ಮೆ ಚಹಾಕ್ಕೆ ಬಂದ ಅವರ ಹಳೆಯ ಜೊತೆಗಾರರು ಬಾಯಿಬಿಟ್ಟರು. ತೊಡೆಗೆ ಗುಂಡು ಹೊಕ್ಕಿದ್ದರೂ ಮಾವ ಗಾಯಾಳು ಗೆಳೆಯನನ್ನು ಬೆನ್ನ ಮೇಲೆ ಹೊತ್ತು ಗುಂಡಿನ ಮಳೆಯಲ್ಲಿ ಬಯಲು ದಾಟಿದರಂತೆ. ಅವನನ್ನು ಇಳಿಸಿ, ಇನ್ನೊಬ್ಬನಿಗಾಗಿ ಅದೇ ಬಯಲಿಗೆ ವಾಪಸ್ಸು ಹೋದರಂತೆ! ಲಿಫ್ಟು ಸ್ವಲ್ಪ ಜಗ್ಗಿದರೆ ದೇವರನ್ನು ಕರೆಯುವ ನಾನು ಬಾಯಿ ತೆರೆದು ಕೂತೆ. ಮಾವನೋ, ಹೊರಟು ನಿಂತ ಆ ಜೊತೆಗಾರರ ಶೂ ಲೇಸು ಎಳೆದು ನೋಡುತ್ತಿದ್ದರು.

“ಇಷ್ಟೆಲ್ಲ ತಪಾಸಣೆ ಯಾಕೆ ಮಾವ?”

“ನಿನ್ನ ಬೆನ್ನು ನಿಂಗೆ ಕಾಣ್ತದಾ ಮಾರಾಯ?”

ಕಳೆದ ಚಳಿಗಾಲ ಅವರ ಹೃದಯಕ್ಕೆ ಬೈಪಾಸ್ ಆಗಬೇಕಾಯಿತು. ಏನೇನು ಆಗಬಹುದೆಂದು ಡಾಕ್ಟರರಿಗಿಂತ ಹೆಚ್ಚು ಯೋಚಿಸಿಟ್ಟಿದ್ದವನು ನಾನು. ಮಾವ ಮಾತ್ರ ನರ್ಸಮ್ಮನ ಮಾಸ್ಕಿನ ದಾರ ಸರಿಯಿಲ್ಲವೆಂದು ಗದರುತ್ತಿದ್ದರು. ಆಪರೇಷನ್ ಥಿಯೇಟರಿನ ಬಾಗಿಲ ಬಳಿ ತಟ್ಟನೆ, “ಭಯ್ಯಾ, ಏಕ್ ಮಿನಟ್” ಎಂದು ಸ್ಟ್ರೆಚರ್ ನಿಲ್ಲಿಸಿ ಎದ್ದು ಕೂತರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಎಂದೂ ಕಂಡಿರಲಿಲ್ಲ.

“ಅಳಿಯಾ, ನನ್ನ ಹಿಂದೆ ಯಾರೂ ಇಲ್ವಲ್ಲೋ.”

ನಾನು ಹಿಂದಕ್ಕೆ ಹೋದೆ. ಆಸ್ಪತ್ರೆಯ ಗೌನಿನ ದಾರ ಸಡಿಲವಾಗಿತ್ತು. ಬಿಗಿದು ಕಟ್ಟಿದೆ. ಎಳೆದು ನೋಡಿದೆ. ಹೆಗಲು ತಟ್ಟಿದೆ.

“ಓಕೆ, ಮಾವ.”

“ಕೇಳಿಸ್ಲಿಲ್ಲ.”

ಕಾರಿಡಾರೆಲ್ಲ ತಿರುಗಿ ನೋಡುವಂತೆ ಒಂದು ಏಟು ಕೊಟ್ಟೆ. “ಓಕೆ!”

“ಹಾಂ, ಈಗ ಸರಿ” ಎಂದು ನಿಶ್ಚಿಂತೆಯಿಂದ ಮಲಗಿದರು. ಬಾಗಿಲು ತೆರೆಯಿತು, ಮುಚ್ಚಿತು. ಚುರುಗುಟ್ಟುತ್ತಿದ್ದ ಅಂಗೈಯನ್ನು ಮಡಚಿ ಹಿಡಿದುಕೊಂಡು ನಾನು ಅಲ್ಲೇ ನಿಂತೆ.