ಪಂಕ್ತಿಯ ಹಿರಿಯನೂ ಪಾಯಸದ ಪಾತ್ರೆಯೂ

ಅನ್ನವನ್ನು ಮುಟ್ಟುವ ಮೊದಲು ಅದನ್ನು ಬೆಳೆದ ನೆಲಕ್ಕೆ, ಬೇಯಿಸಿದ ಬೆಂಕಿಗೆ, ಬಡಿಸಿದ ಕೈಗೆ ಮನಸ್ಸಿನಲ್ಲೇ ವಂದಿಸುವುದು ನನ್ನ ರೂಢಿ. ಇದೂ ಊಟದ ವಿಚಾರವಾದ್ದರಿಂದ ವಂದಿಸಿಯೇ ಬರೆಯಲು ಕುಳಿತಿದ್ದೇನೆ. ಭಗವಂತನ ಕೃಪೆಯಿಂದ ಈ ಮರಳುನಾಡಿನಲ್ಲೂ ನನಗೆ ಯಾವ ಕೊರತೆಯೂ ಇಲ್ಲ, ಪಾಯಸವೊಂದನ್ನು ಬಿಟ್ಟು.

ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ತಿಳಿದ ದಿನವೇ ಅದು ನಿಂತಿತು. ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಅಧಿಕಾರ ಸೊಸೆ ಶ್ರುತಿಯದು. ನಾಲಗೆಯನ್ನು ಗೆಲ್ಲಬೇಕೆಂದು ಮೈಸೂರಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಶಿಷ್ಯರಾರೂ ಈಗ ಹತ್ತಿರವಿಲ್ಲವೆಂಬುದೇ ಸಮಾಧಾನ. ವಿಶ್ವವಿದ್ಯಾಲಯವೊಂದರ ಕೇಂದ್ರ ಊರವರಿಗಾಗಿ ಶನಿವಾರಗಳಂದು ನಡೆಸುವ ಆಹಾರ ಮತ್ತು ಆರೋಗ್ಯದ ತರಗತಿಗೆ ಶ್ರುತಿ ನನ್ನನ್ನು ಸೇರಿಸಿದಳು. ಅಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಅನ್ನ, ಪ್ಲಾಸ್ಟಿಕ್ಕಿನ ಬಾಳೆಹಣ್ಣು. ಕುತೂಹಲ ತಡೆಯಲಾರದೆ ಹಣ್ಣನ್ನು ಮೂಸಿಯೂ ನೋಡಿದೆ.

ಪಾಠ ಹೇಳುವವಳು ನಿಶ್ಮಿತಾ, ಮಂಗಳೂರಿನ ದಂಪತಿಗಳಿಗೆ ದುಬೈಯಲ್ಲೇ ಹುಟ್ಟಿ ಬೆಳೆದ ಮಗಳು. ತಟ್ಟೆಯ ಚಿತ್ರ ಬರೆದು, ಅರ್ಧ ತರಕಾರಿಗೆ, ಉಳಿದರ್ಧ ಅನ್ನಕ್ಕೂ ಬೇಳೆಗೂ ಎಂದಳು. ನಾನು ಎದ್ದು ನಿಂತೆ. "ನಮ್ಮ ಬಾಳೆಯೆಲೆಯೂ ಹೀಗೇ ಮಗು. ಮೇಲಿನ ಅರ್ಧವೆಲ್ಲ ಕೋಸಂಬರಿ, ಪಲ್ಯ."

"ರಿಯಲೀ? ನೆಕ್ಸ್ಟ್ ಸ್ಯಾಟರ್ಡೇ ಎಲ್ಲರಿಗೂ ತೋರಿಸ್ತೀರಾ ಅಂಕಲ್?"

ಸುದ್ದಿ ಕೇಳಿ ಶ್ರುತಿ, "ಎಲೆಯೂಟಕ್ಕೆ ನಿಮ್ಮ ಟೀಚರ್ ಓಕೆ ಅಂದ್ರೆ ಹಬ್ಬಹಬ್ಬಕ್ಕೂ ನಿಮಗೆ ಒಂದು ಸೌಟು ಪಾಯಸ, ಮಾವ. ಇಲ್ಲಾಂದ್ರೆ ಆ ಮಾತೇ ಎತ್ತಬಾರದು" ಎಂದಳು.

ವೀಸಾದ ಚಿಂತೆಯಿಲ್ಲದ ಬಾಳೆಯೆಲೆಗಳು ಕೇರಳದಿಂದ ವಿಮಾನದಲ್ಲಿ ಬಂದಿಳಿದವು. ಬಡಿಸುವ ಹೊಣೆಯನ್ನು ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜು ಇಟ್ಟಿರುವ, ಶನಿವಾರದ ತರಗತಿಯ ನನ್ನ ಸಹಪಾಠಿ ರತ್ನಾಕರ ಶೆಟ್ಟರು ಹೊತ್ತರು. ನಮ್ಮ ಕಡೆ ಎಲೆಗೆ ಪಾಯಸ ಮೊದಲೇ ಬೀಳುತ್ತದೆ ಎಂದೆ.

"ಎಂಥ ಕ್ರಮ ಮಾರಾಯ್ರೆ ಅದು? ಸಾರು, ಸಾಂಬಾರು ಆಗಿ ಮತ್ತೆ ಪಾಯಸ. ನೀವು ಸುಮ್ನೆ ಕೂತ್ಕೊಳ್ಳಿ ಶಾಸ್ತ್ರಿಗಳೇ!"

ಬಡಿಸುವವರ ಕ್ರಮವೇ ಕ್ರಮವೆಂದು ಉದಾರವಾಗಿ ಒಪ್ಪಿದೆ.

ಎಲೆಯ ಮೇಲರ್ಧ ಹಸಿರಾದಾಗ ನಿಶ್ಮಿತಾ "ಪರ್ಫೆಕ್ಟ್!" ಎಂದಳು. ಸಾರನ್ನ ಮುಗಿಯಿತು. ಶೆಟ್ಟರು ಮತ್ತೆ ಅನ್ನದೊಡನೆ ಬಂದರು.

"ರೈಸ್ ಆಗ್ಲೇ ಆಯ್ತಲ್ಲ ಅಂಕಲ್?"

"ಅದು ಸಾರಿಗೆ ಮಗು. ಇದು ಸಾಂಬಾರಿಗೆ."

"ಮತ್ತೆ ಮಜ್ಜಿಗೆಗೆ ಉಂಟು," ಎಂದರು ಶೆಟ್ಟರು ಇನ್ನೊಂದು ಸೌಟು ಸುರಿಯುತ್ತ. "ಎಲೆ ಖಾಲಿ ಬಿಟ್ರೆ ಬಡಿಸುವವರ ಮರ್ಯಾದೆ ಖಲಾಸ್!"

ಹುಡುಗಿಯ ಮುಖ ಬಾಡಿತು. ತಟ್ಟೆ ಒಮ್ಮೆ ತುಂಬುತ್ತದೆ, ಎಲೆ ತುಂಬುತ್ತಲೇ ಇರುತ್ತದೆ. ಇಷ್ಟು ವರ್ಷ ಉಂಡರೂ ಇದು ನನಗೆ ಹೊಳೆದಿರಲಿಲ್ಲ. "ಹಾಗಾದ್ರೆ ಸ್ಟಾಪ್ ಎಲ್ಲಿ?" ಎಂದಳು. ಬಡಿಸಲು ಬಂದಿದ್ದ ಶ್ರುತಿ ಪಲ್ಯದ ಪಾತ್ರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಅದಕ್ಕೂ ನಿಯಮವಿದೆ," ಎಂದೆ ಗಾಂಭೀರ್ಯದಿಂದ. "ಪಂಕ್ತಿಯ ಹಿರಿಯನು ಎದ್ದರೆ ಎಲ್ಲರೂ ಏಳಬೇಕು. ಅಲ್ಲಿಗೆ ಊಟ ಮುಗಿಯಿತು."

"ಇಲ್ಲಿ ಹಿರಿಯರು ಯಾರು?"

ಎಲ್ಲರ ತಲೆಗಳೂ ನನ್ನತ್ತ ತಿರುಗಿದವು. ಅದೇ ಕ್ಷಣ ಶೆಟ್ಟರು ಬಾಗಿಲಲ್ಲಿ ಪಾಯಸದ ಪಾತ್ರೆಯೊಡನೆ ಪ್ರತ್ಯಕ್ಷರಾದರು. ಏಲಕ್ಕಿಯ ಪರಿಮಳ ಅವರಿಗಿಂತ ಮೊದಲೇ ನನ್ನನ್ನು ತಲುಪಿತ್ತು. ಕುಳಿತೇ ಇದ್ದರೆ ಇಂದಿನ ಪಾಯಸ ಸಿಗುತ್ತದೆ, ಹಬ್ಬಗಳದ್ದು ಹೋಗುತ್ತದೆ. ಭಗವಂತನನ್ನು ನೆನೆದು ಎದ್ದೆ. ಪಂಕ್ತಿಯೇ ನನ್ನ ಹಿಂದೆ ಎದ್ದಿತು.

"ಸೂಪರ್ ಸಿಸ್ಟಮ್ ಅಂಕಲ್! ಎಲೆ ಓಕೆ!" ಎಂದು ನಿಶ್ಮಿತಾ ಚಪ್ಪಾಳೆ ತಟ್ಟಿದಳು. ಕೈ ತೊಳೆದು ಬರುವಷ್ಟರಲ್ಲಿ ಬಡಿಸಿದವರ ಪಂಕ್ತಿ ಕುಳಿತಿತ್ತು. ಶೆಟ್ಟರು ಕಣ್ಣು ಮುಚ್ಚಿ ಪಾಯಸ ಸವಿಯುತ್ತಿದ್ದರು.

ಶ್ರುತಿ ಮಾತಿಗೆ ತಪ್ಪಲಿಲ್ಲ. ಹಬ್ಬದ ದಿನ ಒಂದು ಸೌಟು ಬಿತ್ತು, ಅದೂ ನಮ್ಮ ಕ್ರಮದಂತೆ ಮೊದಲೇ. ಊಟದ ಕೊನೆಗೆ ನನ್ನ ಕಣ್ಣು ಮತ್ತೆ ಪಾತ್ರೆಯ ಕಡೆ ಹೊರಳಿದ್ದೇ ತಡ, "ಏಳೋಣ್ವಾ ಮಾವ? ಹಿರಿಯರು ನೀವೇ ಅಲ್ವಾ" ಎಂದಳು.

ಆ ಶನಿವಾರ ಬೇಯಿಸಿದವರಿಗೂ ಬಡಿಸಿದವರಿಗೂ, ನನ್ನಿಂದಾಗಿ ಪಾಯಸವಿಲ್ಲದೆ ಎದ್ದವರಿಗೂ, ತೃಪ್ತಿಯಾಗಿ ಉಂಡ ಶೆಟ್ಟರಿಗೂ ಭಗವಂತನು ಆಯುಸ್ಸು, ಆರೋಗ್ಯಗಳನ್ನು ಕರುಣಿಸಲಿ. ಮುಂದಿನ ಪಂಕ್ತಿಗೆ ನನಗಿಂತ ಹಿರಿಯರೊಬ್ಬರನ್ನು, ಸಾಧ್ಯವಾದರೆ ನಿಧಾನವಾಗಿ ಉಣ್ಣುವವರನ್ನು, ಕಳುಹಿಸಿಕೊಡಲಿ.