ಎವಾರಿಸ್ತೊನ ಅರ್ಧ ಮೀಸೆ

“ಮೀಸೆ ತೆಗೆಸಿಕೊಂಡೇ ಬಾ” ಎಂದು ಯೊಕಾಸ್ತ ಹೇಳಿರದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ಆ ಭಾನುವಾರ ಸಂಜೆ ಆರಕ್ಕೆ ಎವಾರಿಸ್ತೊ ಅವಳ ಮನೆಗೆ ಹೆಣ್ಣು ಕೇಳಲು ಹೋಗಬೇಕಿತ್ತು. ಅವಳಪ್ಪ ದೋನ್ ಒರ್ತೆನ್ಸಿಯೊ ಮೂವತ್ತು ವರ್ಷ ಬೇಸ್‌ಬಾಲ್ ಅಂಪೈರ್ ಆಗಿದ್ದವರು. “ಆರು ಅಂದ್ರೆ ಆರು. ಒಂದು ನಿಮಿಷ ತಡವಾದ್ರೂ ಔಟ್” ಎಂದು ಮೊದಲೇ ತೀರ್ಪು ಕೊಟ್ಟಿದ್ದರು.

ನಾಲ್ಕೂಮುಕ್ಕಾಲಿಗೆ ಅವನು ಮೇಸ್ತ್ರಿ ತೊಲೆಂತಿನೊನ ಕ್ಷೌರದಂಗಡಿಯಲ್ಲಿ ಕುರ್ಚಿಯೇರಿದ. ಟೀವಿಯಲ್ಲಿ ಮೂರನೆಯ ಇನಿಂಗ್ಸ್. ಸಾನ್ ಪೆದ್ರೊದ ಕೊಕ್ಕರೆ ತಂಡಕ್ಕೂ ರಾಜಧಾನಿಯ ತಂಡಕ್ಕೂ ಪಂದ್ಯ, ಗೆದ್ದವರು ಫೈನಲ್ಲಿಗೆ. ಕೊಕ್ಕರೆಗಳ ಪಿಚರ್ ಕಮಿಲೊ ಎಸೆದ ಚೆಂಡಿಗೆ ರಾಜಧಾನಿಯವರು ಸೊಳ್ಳೆ ಓಡಿಸುವವರಂತೆ ಬ್ಯಾಟು ಬೀಸುತ್ತಿದ್ದರು.

ಮೇಸ್ತ್ರಿ ಬಲಮೀಸೆ ಬೋಳಿಸಿ ಟೀವಿಯತ್ತ ತಿರುಗಿದ. ಕಮಿಲೊ ಸಾಲಾಗಿ ಮೂವರನ್ನು ಮನೆಗೆ ಕಳಿಸಿದ. ಮುಂದಿನ ಇನಿಂಗ್ಸಿನಲ್ಲಿ ಕತ್ತಿ ಎಡಮೀಸೆಗೆ ತಾಗಿತು. ಕಮಿಲೊನ ನಾಲ್ಕು ಚೆಂಡು ದಿಕ್ಕು ತಪ್ಪಿ, ಎದುರಾಳಿಯೊಬ್ಬ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋದ.

“ಕತ್ತಿ ತೆಗಿಯೋ!” ಪಕ್ಕದಲ್ಲಿ ಕರಿದ ತಿಂಡಿ ಮಾರುವ ದೋನ್ಯಾ ಸೆನೈದಾ ಬಾಗಿಲಲ್ಲಿ ನಿಂತು ಕಿರುಚಿದಳು. ಕತ್ತಿ ಸರಿಯಿತು. ಮುಂದಿನವನು ಮೂರೇ ಚೆಂಡಿಗೆ ಔಟ್.

ಅಂಗಡಿಯಲ್ಲಿದ್ದವರೆಲ್ಲ ಉಳಿದ ಮೀಸೆಯನ್ನೇ ನೋಡಿದರು.

“ಮೇಸ್ತ್ರಿ, ಆರಕ್ಕೆ ನಾನು...”

“ಅಲ್ಲಾಡಬೇಡ ಕಣೋ. ಆ ಮೀಸೆ ಇನ್ನು ನಿಂದಲ್ಲ, ಊರಿಂದು.”

ಆರನೆಯ ಇನಿಂಗ್ಸಿನಲ್ಲಿ ಕೊಕ್ಕರೆ ತಂಡದವರು ಹೇಗೋ ಒಂದು ರನ್ ಗಳಿಸಿದರು. “ಗೆದ್ದಾಯ್ತಲ್ಲ, ಬಿಡಿ! ರಾಜಧಾನಿಯವರು ಇನ್ನೂ ಒಂದು ಹೊಡೆತಾನೂ...” ಎಂದು ಎವಾರಿಸ್ತೊ ಹೇಳುವಷ್ಟರಲ್ಲಿ ಮೇಸ್ತ್ರಿ ಅವನ ಬಾಯಿಗೆ ಟವಲು ತುರುಕಿದ. ಪಿಚರ್ ಒಂದೂ ಹೊಡೆತ ಬಿಟ್ಟುಕೊಡದೆ ಸಾಗುತ್ತಿರುವಾಗ ಆ ಮಾತು ಎತ್ತಬಾರದೆಂದು ಆ ಊರಿನ ಕೂಸಿಗೂ ಗೊತ್ತು.

ಗಂಟೆ ಆರು ಹೊಡೆಯಿತು. ಎವಾರಿಸ್ತೊನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸೆನೈದಾ ಎತ್ತಿಕೊಂಡಳು. “ಯೊಕಾಸ್ತನಾ? ಇಲ್ಲೇ ಇದಾನೆ ತಾಯಿ, ಮಾತಾಡೋ ಸ್ಥಿತೀಲಿಲ್ಲ” ಎಂದು ಇಟ್ಟುಬಿಟ್ಟಳು.

ಏಳನೆಯ ಇನಿಂಗ್ಸಿಗೆ ಕರೆಂಟು ಹೋಯಿತು. ಬೀದಿಯಲ್ಲಿ ನಿಂತ ಕಾರಿನಲ್ಲಿ ರೇಡಿಯೊ ಇತ್ತು. ಹಬ್ಬದ ದಿನ ಸಂತನ ಮೂರ್ತಿ ಹೊರುವಂತೆ ನಾಲ್ವರು ಅವನನ್ನು ಕುರ್ಚಿಸಮೇತ ಹೊತ್ತು ಕಾರಿನ ಪಕ್ಕ ಇಳಿಸಿದರು. ನೊರೆ ಒಣಗದಂತೆ ಮೇಸ್ತ್ರಿ ಆಗಾಗ ಎಡಮೀಸೆಗೆ ಬ್ರಷ್ ಆಡಿಸುತ್ತಿದ್ದ. ದಾರಿಹೋಕರು ನಿಂತು ಕೈ ಮುಗಿದು ಹೋದರು.

ಕಮಿಲೊ ಹಿಂದಿರುಗಿ ನೋಡಲಿಲ್ಲ. ಒಂಬತ್ತನೆಯ, ಕೊನೆಯ ಇನಿಂಗ್ಸಿನಲ್ಲಿ ಔಟಾಗಬೇಕಿದ್ದ ಇಪ್ಪತ್ತೇಳನೆಯವನೂ ಗಾಳಿಗೆ ಬ್ಯಾಟು ಬೀಸಿ ಔಟಾದ. ಒಂದು–ಸೊನ್ನೆ, ಹದಿನಾಲ್ಕು ಮಂದಿ ಚೆಂಡು ಮುಟ್ಟದೆಯೇ ಔಟು, ಒಂದೂ ಹೊಡೆತವಿಲ್ಲ. ಬೀದಿಯೇ ಕುಣಿಯಿತು. ಮೀಸೆಯ ಕಾವಲಿಗೆ ಯಾರೂ ಉಳಿಯಲಿಲ್ಲ. ಬೋಳಿಸಲು ಮೇಸ್ತ್ರಿಯೂ ಉಳಿಯಲಿಲ್ಲ. ಎವಾರಿಸ್ತೊ ಟವಲು ಉಗಿದು ಓಡಿದ.

ಆರೂನಲವತ್ತಕ್ಕೆ ದೋನ್ ಒರ್ತೆನ್ಸಿಯೊ ಬಾಗಿಲು ತೆರೆದರು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು.

“ಔಟ್ ಅಂತ ಗೊತ್ತು, ಸ್ವಾಮಿ. ಆದ್ರೆ ಈ ಮೀಸೆ...” ಎಂದು ಏದುಸಿರು ಬಿಡುತ್ತ ಎಲ್ಲ ಹೇಳಿದ.

ಮುದುಕರ ಕಣ್ಣು ತುಂಬಿತು. “ನಾನೂ ಮೂರನೇ ಇನಿಂಗ್ಸಿಂದ ಇನ್ನೊಂದು ಬೂಟು ಹಾಕಿಲ್ಲಪ್ಪಾ!” ಎಂದು ಬಾಚಿ ತಬ್ಬಿಕೊಂಡರು. “ಇಂಥ ಅಳಿಯ ಎಲ್ಲಿ ಸಿಗ್ತಾನೆ!”

“ಹಾಗಾದ್ರೆ ಒಪ್ಪಿಗೇನಾ?”

“ಉಂಟೇ ಎಲ್ಲಾದ್ರೂ! ಮಂಗಳವಾರದಿಂದ ಫೈನಲ್, ಏಳು ಆಟ. ಇವತ್ತು ಹೇಗಿತ್ತೋ ಹಾಗೇ ಇರಬೇಕು. ನಿಂದು ಅರ್ಧ ಮೀಸೆ, ನಂದು ಒಂದು ಬೂಟು. ಇವತ್ತು ನಾನಿನ್ನೂ ಒಪ್ಪಿರಲಿಲ್ಲ, ಅದೂ ಹಾಗೇ ಇರಲಿ. ಮಂಗಳವಾರ ಆರಕ್ಕೆ ಹೆಣ್ಣು ಕೇಳೋಕೆ ಬಾ. ಮರೀದೆ ಆರೂನಲವತ್ತಕ್ಕೇ ಬಾ.”

ಎವಾರಿಸ್ತೊ ದೀನನಾಗಿ, ಅಪ್ಪನ ಹಿಂದೆ ಬಂದು ನಿಂತಿದ್ದ ಯೊಕಾಸ್ತಳ ಮುಖ ನೋಡಿದ.

“ಅಪ್ಪ ಹೇಳೋದು ಸರಿ” ಎಂದಳು ಅವಳು. “ಹುಷಾರಾಗಿ ಹೋಗು. ಮೀಸೆ ಜೋಪಾನ.”