ಶತ್ರುವಿಗೆ ಹಾಳೆ ಎತ್ತಿಕೊಟ್ಟ ಸೂಪರ್‌ಹೀರೋ

ನಾನು ವಾದದಲ್ಲಿ ಸೋಲುವುದಿಲ್ಲ. ಇದು ಜಂಬವಲ್ಲ, ನಮ್ಮ ಮನೆಯವರ ದೂರು. "ಈಕಿ ಜೋಡಿ ಮಾತಾಡೋದಕ್ಕಿಂತ ಎಮ್ಮಿ ಜೋಡಿ ಮಾತಾಡೋದು ಛಲೋ, ಅದು ತಿರುಗಿ ಪ್ರಶ್ನೆ ಕೇಳೂದಿಲ್ಲ" ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೀಗಾಗಿ ಕೊಪ್ಪಳದಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಎಂದಾಗ, ಯಲಬುರ್ಗಾದ ನಮ್ಮ ಕಾಲೇಜಿನವರು ಬೇರೆ ಹೆಸರು ಹುಡುಕಲೇ ಇಲ್ಲ.

ವಿಷಯ: 'ಸಿನಿಮಾದ ಸೂಪರ್‌ಹೀರೋ ಕೈಗೆ ಸಿಕ್ಕ ಶತ್ರುವನ್ನು ಕೊಲ್ಲದೆ ಬಿಡುವುದು ಸರಿ.' ಪ್ರತಿ ಕಾಲೇಜಿನಿಂದ ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಶೀಲ್ಡು. ಕುಷ್ಟಗಿಯವರು ಅದನ್ನು ಎರಡು ವರ್ಷದಿಂದ ಹೊತ್ತೊಯ್ಯುತ್ತಿದ್ದರು. ಮೂರನೇ ಸಲವೂ ಗೆದ್ದರೆ ಅದು ಶಾಶ್ವತವಾಗಿ ಅವರದೇ ಎಂಬುದು ನಿಯಮ. ಅಂದರೆ ನಮಗಿದು ಕೊನೆಯ ಅವಕಾಶ!

ನಿಜ ಹೇಳಬೇಕೆಂದರೆ ಆ ಹೀರೋಗಳ ಮೇಲೆ ನನಗೆ ನಂಬಿಕೆಯೇ ಇಲ್ಲ. ಖಳನಾಯಕ ಅರ್ಧ ಊರು ಸುಟ್ಟಿರುತ್ತಾನೆ. ಕೊನೆಗೆ ಕಟ್ಟಡದ ಅಂಚಿಗೆ ಜೋತುಬಿದ್ದಾಗ ಹೀರೋ ಕೈ ಚಾಚಿ, 'ನಾನು ನಿನ್ನಂಥವನಲ್ಲ' ಎನ್ನುತ್ತಾನೆ. ಸುಟ್ಟ ಊರಿನವರನ್ನು ಯಾರೂ ಒಂದು ಮಾತು ಕೇಳುವುದಿಲ್ಲ! ಆದರೆ ನಮ್ಮ ಸರ್ ನನಗೇ 'ಪರ' ಕೊಟ್ಟರು. ವಿರೋಧಕ್ಕೆ ಜೂನಿಯರ್ ಶರಣಪ್ಪ.

"ನಂಬಿಕಿ ಇಲ್ಲದ ಮಾತನ್ನೂ ನಂಬೂಹಂಗ ಹೇಳ್ತಿ ನೀ" ಎಂದರು ಸರ್. ಹೊಗಳಿಕೆಯೆಂದು ತಿಳಿದು ಒಪ್ಪಿಕೊಂಡೆ.

ವೇದಿಕೆಯಲ್ಲಿ ಅಬ್ಬರಿಸಿಬಿಟ್ಟೆ. "ಬೀಳುವವನ ಕೈ ಬಿಡುವವನು ಬಲಶಾಲಿ ಇರಬಹುದು, ಹೀರೋ ಅಲ್ಲ! ಶತ್ರು ಕೆಟ್ಟವನೆಂಬುದು ನಾವು ಕೆಡಲು ಪರವಾನಗಿ ಅಲ್ಲ!" ಚಪ್ಪಾಳೆ. ತೀರ್ಪುಗಾರರಾಗಿ ಗಂಗಾವತಿಯಿಂದ ಬಂದಿದ್ದ ನಿವೃತ್ತ ಹೆಡ್‌ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಧೂಳೂ ಇರಬಹುದು. ನಾನು ಕಣ್ಣೀರೆಂದೇ ಲೆಕ್ಕ ಹಿಡಿದೆ.

ನನ್ನ ನಂತರ ಕುಷ್ಟಗಿಯ ಶಮೀಮ್, ವಿರೋಧ. ಹೋದ ವರ್ಷ ನನ್ನನ್ನು ಸೋಲಿಸಿದವಳು ಇವಳೇ. (ಸೋಲುವುದಿಲ್ಲ ಎಂದೆನಲ್ಲ, ಅದು ಮನೆಯಲ್ಲಿ.) ಅವಳು ನಾಲ್ಕು ಮಾತಾಡುವಷ್ಟರಲ್ಲಿ ವೇದಿಕೆಯ ಟೇಬಲ್ ಫ್ಯಾನು ಅವಳ ಟಿಪ್ಪಣಿ ಹಾಳೆಯನ್ನು ಹಾರಿಸಿತು. ಹಾಳೆ ಜಾರುತ್ತ ಬಂದು ನನ್ನ ಕುರ್ಚಿಯ ಬುಡದಲ್ಲಿ ನಿಂತಿತು. ನನ್ನ ಕಾಲು, ನನ್ನನ್ನು ಕೇಳದೆ, ಅದರ ಮೇಲೆ ಹೋಗಿ ಕೂತಿತು.

ಶಮೀಮ್ ಅತ್ತಿತ್ತ ಹುಡುಕಿದಳು. ಕಾಣಲಿಲ್ಲ. ಮಾತು ನಿಂತಿತು.

"ಅಕ್ಕಾರ, ಕಾಲು ತಗೀಬ್ಯಾಡ್ರಿ" ಪಕ್ಕದಲ್ಲಿದ್ದ ಶರಣಪ್ಪ ಪಿಸುಗುಟ್ಟಿದ. "ಒಂದ ನಿಮಿಷ ತಡೀರಿ. ಶೀಲ್ಡು ನಮ್ದ!"

"ಈಗಷ್ಟ ನಾ ಏನ ಹೇಳಿ ಬಂದೆನೋ?"

"ಅದು ಸಿನಿಮಾದ್ದರಿ! ಇದು ಕೊಪ್ಪಳ!"

ಶಮೀಮ್ ಸಭೆಯತ್ತ ಒಮ್ಮೆ ನೋಡಿ, ಮೈಕು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟಕ್ಕೆ ನಾನು ಎದ್ದೆ. ಹಾಳೆ ಎತ್ತಿ ಸುಮ್ಮನೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಇಲ್ಲ! ಸಭೆಗೆಲ್ಲ ಕಾಣುವಂತೆ ಎತ್ತರಕ್ಕೆ ಹಿಡಿದು, ನಿಧಾನ ನಡೆದು, ಎರಡೂ ಕೈಯಿಂದ ಕೊಟ್ಟೆ. ಬೆನ್ನಿಗೆ ಕೆಂಪು ಹೊದಿಕೆ ಒಂದೇ ಕಡಿಮೆ! ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನಾನು ಬಾಗಿ ನಮಸ್ಕರಿಸಿದೆ. ಎರಡು ಸಲ.

ಶಮೀಮ್ ಹಾಳೆಯ ಮೇಲಿನ ನನ್ನ ಚಪ್ಪಲಿಯ ಗುರುತು ನೋಡಿ, ಅದನ್ನು ಮಡಚಿ ಪಕ್ಕಕ್ಕಿಟ್ಟಳು.

"ಮಾನ್ಯ ತೀರ್ಪುಗಾರರೇ, ಈ ಹಾಳೆ ಇನ್ನು ನನಗೆ ಬೇಡ. ಇವರು ಇದನ್ನು ಮೆಟ್ಟಿಕೊಂಡು ಸುಮ್ಮನೆ ಕೂತಿದ್ದರೆ ನಾನು ಇಲ್ಲಿಗೆ ಮುಗಿಯುತ್ತಿದ್ದೆ. ದಯೆ ತೋರಿಸಿದರು. ಪರಿಣಾಮ? ಶತ್ರು ಎದ್ದು ನಿಂತಿದ್ದಾಳೆ. ಇವರನ್ನೇ ಸೋಲಿಸಲಿದ್ದಾಳೆ. ಕೈಗೆ ಸಿಕ್ಕ ಶತ್ರುವನ್ನು ಬಿಡಬಾರದು ಎನ್ನುವುದಕ್ಕೆ ಇನ್ನೇನು ಪುರಾವೆ ಬೇಕು?"

ಪುರಾವೆ ಎದುರಿಗೇ ಕೂತಿತ್ತು. ನಾನೇ! ಸಭೆ ಬಿದ್ದು ಬಿದ್ದು ನಕ್ಕಿತು.

ಉತ್ತರ ಹೇಳಲು ನನಗೆ ಒಂದು ನಿಮಿಷವಿತ್ತು. ಹೇಳಬೇಕಾದದ್ದು ಒಂದೇ ವಾಕ್ಯ: 'ಇವರು ಗೆದ್ದರೂ ನಾನು ಕೊಟ್ಟದ್ದು ತಪ್ಪಲ್ಲ.' ಆದರೆ ಮೈಕು ಹಿಡಿದಾಗ ನನ್ನ ಕಣ್ಣೆದುರು ಶೀಲ್ಡು ಕುಷ್ಟಗಿ ಬಸ್ಸು ಹತ್ತುತ್ತಿತ್ತು.

"ಇಂಥಾಕಿಗೆ ಕೊಡಬಾರದಿತ್ತರಿ! ತುಳದು ಪುಡಿ ಪುಡಿ ಮಾಡಬೇಕಿತ್ತು!"

ಶರಣಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹೆಡ್‌ಮಾಸ್ತರರು ಮುಂದೆ ಬಾಗಿ ಮೆಲ್ಲಗೆ ಕೇಳಿದರು:

"ತಂಗೀ, ನೀ ಈಗ ಪರನೋ ವಿರೋಧನೋ?"

ಸಮಯ ಮುಗಿದ ಗಂಟೆ ಹೊಡೆಯಿತು. ಗಂಟೆಗೆ ನನಗಿಂತ ಹೆಚ್ಚು ದಯೆಯಿತ್ತು.

ಶೀಲ್ಡು ಶಾಶ್ವತವಾಗಿ ಕುಷ್ಟಗಿಗೆ ಹೋಯಿತು. ವಿರೋಧ ಪಕ್ಷದಲ್ಲಿ ಶರಣಪ್ಪನಿಗೆ ಎರಡನೇ ಬಹುಮಾನ. ತನ್ನ ಸರದಿ ಬಂದಾಗ ಅವನೂ ನನ್ನದೇ ಉದಾಹರಣೆ ಕೊಟ್ಟಿದ್ದ!

ಬಸ್ ಸ್ಟ್ಯಾಂಡಿನಲ್ಲಿ ಶಮೀಮ್ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಂದಳು.

"ತಿನ್ನವಾ. ಸಿಟ್ಟ ಬಂದೈತೇನು?"

"ಇಲ್ಲ" ಎಂದೆ, ಸಿಟ್ಟಿನಿಂದ.

"ಮುಂದಿನ ವರ್ಷ ಹೊಸಾ ಶೀಲ್ಡು ಇಡ್ತಾರಂತ. ಇದ ವಿಷಯ ಬಂದ್ರ ನಾ ಪರ ಮಾತಾಡಾಕಿ."

"ಯಾಕ? ವಿರೋಧ ಮಾತಾಡಿ ಗೆದ್ದೀಯಲ್ಲ?"

"ಗೆದ್ದೆ ಖರೇ. ಆದ್ರ ನಮ್ಮ ಅಬ್ಬಾ ಟೇಲರಿಂಗ್ ಅಂಗಡಿ ಮುಚ್ಚಿ, ಮಗಳ ಮಾತು ಕೇಳಬೇಕಂತ ಬಂದು ಕುಂತಿದ್ರು. ನೀ ಎದ್ದು ಬರಲಿಲ್ಲಂದ್ರ ನಾ ಅತ್ತು ಓಡಿಹೋಗ್ತಿದ್ದೆ. ಮತ್ತ ಯಾವತ್ತೂ ಮೈಕ ಮುಟ್ಟತಿದ್ದಿಲ್ಲ."

ಇಡೀ ಸಭೆಯಲ್ಲಿ ನನ್ನ ವಾದಕ್ಕೆ ಮನಸ್ಸು ಬದಲಿಸಿದವರು ಒಬ್ಬರೇ. ಅದೂ ಶತ್ರು! ಕಣ್ಣು ತುಂಬಿ ಬಂತು. ಮೆಣಸಿನಕಾಯಿಯ ಪಾಲೂ ಇತ್ತೆನ್ನಿ.

ಸಿನಿಮಾದ ಹೀರೋ ಆಗಿದ್ದರೆ ಇಲ್ಲಿಗೆ ಕಥೆ ಮುಗಿಸಿ ಆಕಾಶಕ್ಕೆ ಹಾರುತ್ತಿದ್ದ. ನಾನು ಯಲಬುರ್ಗಾ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಶಮೀಮ್ ಪರವಾದರೆ ಅವಳನ್ನು ಎದುರಿಸಲು ಯಾರಾದರೂ ಬೇಕಲ್ಲ ಎಂದು ಯೋಚಿಸತೊಡಗಿದೆ. ಬಸ್ಸು ಕೊಪ್ಪಳ ದಾಟುವ ಮೊದಲೇ ವಿರೋಧಕ್ಕೆ ಏಳು ಪಾಯಿಂಟು ಹೊಳೆದಿದ್ದವು. ಒಂದಕ್ಕಿಂತ ಒಂದು ಛಲೋ ಇದ್ದವು!